ಕೊಂಡವರು ಹೇಳುವ ಕತೆ

ಕನ್ನಡದ ವಾಟ್ಸ್‌ಆಪ್ ಗುಂಪುಗಳಲ್ಲಿರುವ ಬಹಳಷ್ಟು ಜನರಿಗೆ ಸೆನೆಗಲ್ಲಿನ ಫುಟ್‌ಬಾಲ್ ಆಟಗಾರ ಸಾದಿಯೊ ಮಾನೆ ಪರಿಚಯವಾದದ್ದು ಗೋಲಿನಿಂದಲ್ಲ, ಫೋನಿನಿಂದ. ಗಾಜು ಒಡೆದ ಐಫೋನು ಹಿಡಿದು ಆತ ನಡೆದು ಬರುತ್ತಿರುವ ಚಿತ್ರ. ಅದರ ಕೆಳಗೆ, ಇಷ್ಟೆಲ್ಲ ದುಡಿದೂ ಆಡಂಬರ ಬೇಡವೆಂದ ಈ ಮಹಾನುಭಾವ ಊರಿಗೆ ಆಸ್ಪತ್ರೆ ಕಟ್ಟಿಸಿದ ಎಂಬ ಬರಹ. ಕೊನೆಗೆ ಕೈಮುಗಿದ ಚಿಹ್ನೆ. ನಮ್ಮ ಕ್ರೀಡಾಪುಟಗಳಲ್ಲೂ ಹೆಚ್ಚುಕಡಿಮೆ ಇದೇ ಪಾಠ. ಸೆನೆಗಲ್ಲಿನ ಕುಗ್ರಾಮ, ಹರಿದ ಬೂಟು, ಹೊಟ್ಟೆಗಿಲ್ಲದ ದಿನಗಳು, ಆಮೇಲೆ ಯುರೋಪಿನ ಕ್ಲಬ್ಬೊಂದರ ಕಣ್ಣಿಗೆ ಬಿದ್ದದ್ದು, ಆಮೇಲೆ ಕೋಟಿ ಕೋಟಿ. ಮಾನೆಯ ಹೆಸರು, ದೇಶ ತೆಗೆದು ಅಲ್ಲಿ ನೈಜೀರಿಯಾದ ವಿಕ್ಟರ್ ಒಸಿಮೆನ್ ಎಂದು ಹಾಕಿದರೂ, ಲೈಬೀರಿಯಾದ ಜಾರ್ಜ್ ವೇಯಾ ಎಂದು ಹಾಕಿದರೂ ಮಿಕ್ಕ ಸಾಲುಗಳಲ್ಲಿ ಒಂದಕ್ಷರ ತಿದ್ದಬೇಕಾಗಿಲ್ಲ. ಇಷ್ಟು ಸಲೀಸಾಗಿ ಯಾರಿಗೆ ಬೇಕಾದರೂ ಹೊಂದುವ ಕತೆಯ ಮೇಲೆ ಅನುಮಾನ ಬರಬೇಕು.

ಆ ಕತೆಯ ಬಿಡಿಬಿಡಿ ಘಟನೆಗಳು ನಿಜವೇ ಇರಬಹುದು. ನನ್ನ ತಕರಾರು ಅವನ್ನು ಪೋಣಿಸಿದ ಕ್ರಮದ ಬಗ್ಗೆ. ಅದರಲ್ಲಿ ಆಫ್ರಿಕಾದ ಹುಡುಗ ಬರೀ ಕಚ್ಚಾಮಾಲು. ಯುರೋಪು ಅವನನ್ನು ಹುಡುಕಿ, ತಿದ್ದಿ, ಉದ್ಧಾರ ಮಾಡುತ್ತದೆ. ಅವನು ಜೀವನಪೂರ್ತಿ ಋಣಿಯಾಗಿರಬೇಕಾಗುತ್ತದೆ. ನಡೆದದ್ದು ಬೇರೆ. ಆಟಗಾರ ತಯಾರಾದದ್ದು ವಿಮಾನ ಹತ್ತುವ ಮುಂಚೆ. ಯುರೋಪಿನ ಕ್ಲಬ್ಬುಗಳು ತಯಾರಾದವನನ್ನು ಅಗ್ಗಕ್ಕೆ ಕೊಂಡವು, ಆಡಿಸಿದವು, ದುಬಾರಿಗೆ ಮಾರಿದವು, ಆ ವ್ಯವಹಾರಕ್ಕೆ ಅವಕಾಶ ಕೊಟ್ಟೆವು ಎಂಬ ಹೆಸರಿಟ್ಟವು. ಆ ವ್ಯವಹಾರದಲ್ಲಿ ಒಂದು ಕಾಸಿನ ಲಾಭವೂ ಇಲ್ಲದ ನಾವು ಪುಕ್ಕಟೆಯಾಗಿ ಅದರ ಡಂಗುರ ಹೊಡೆಯುತ್ತಿದ್ದೇವೆ.

ಮಾನೆಯನ್ನೇ ತೆಗೆದುಕೊಳ್ಳೋಣ. ಹುಟ್ಟಿದ್ದು 1992ರಲ್ಲಿ, ಸೆನೆಗಲ್ಲಿನ ದಕ್ಷಿಣಕ್ಕಿರುವ ಕಾಸಮಾನ್ಸ್ ಸೀಮೆಯ ಬಂಬಾಲಿ ಎಂಬ ಹಳ್ಳಿಯಲ್ಲಿ. ತಂದೆ ಊರಿನ ಮಸೀದಿಯ ಇಮಾಮರು. ಮಗ ಇನ್ನೂ ಚಿಕ್ಕವನಿದ್ದಾಗಲೇ ಕಾಯಿಲೆ ಬಿದ್ದು, ಊರಲ್ಲಿ ಆಸ್ಪತ್ರೆಯಿಲ್ಲದೆ ತೀರಿಕೊಂಡರು. ಮನೆಯವರಿಗೆ ಫುಟ್‌ಬಾಲ್ ಎಂದರೆ ಆಗದು. ಓದಿ ಮುಂದೆ ಬಾ ಎನ್ನುವವರು. ಹುಡುಗ ಹದಿಹರೆಯದಲ್ಲಿ ಯಾರಿಗೂ ಹೇಳದೆ ರಾಜಧಾನಿ ಡಕಾರ್‌ಗೆ ಓಡಿಹೋದ. ಪತ್ತೆ ಹಚ್ಚಿ ವಾಪಸು ಕರೆತಂದರು. ಹಟ ಹಿಡಿದು ಮತ್ತೆ ಹೋದ. ಅಲ್ಲಿ ಆಯ್ಕೆಗೆ ನಿಂತ ದಿನದ ಪ್ರಸಂಗವನ್ನು ಆತ ತಾನೇ ಹೇಳಿಕೊಂಡಿದ್ದಾನೆ. ನೂರಾರು ಹುಡುಗರು ಸೇರಿದ್ದರು. ಇವನ ಸರದಿ ಬಂದಾಗ ಹಿರಿಯರೊಬ್ಬರು ಮೇಲಿಂದ ಕೆಳಗೆ ನೋಡಿ, ಈ ಬೂಟಿನಲ್ಲಿ ಹೇಗಯ್ಯಾ ಆಡುತ್ತೀಯ ಎಂದು ಕೇಳಿದರು. ಬೂಟು ಬದಿಗೆ ಹರಿದಿತ್ತು. ತೊಟ್ಟ ಚಡ್ಡಿ ಆಟದ್ದೇ ಅಲ್ಲ. ಇದ್ದುದರಲ್ಲಿ ಒಳ್ಳೆಯದು ಇದೇ, ನನಗೆ ಆಡಬೇಕಷ್ಟೆ ಎಂದ ಹುಡುಗ. ಆಡಿದ ಮೇಲೆ ಅದೇ ಹಿರಿಯರು ಹತ್ತಿರ ಬಂದು, ನೀನು ನಮ್ಮ ತಂಡಕ್ಕೆ ಬಾ ಎಂದರು.

ಬರೆಯುವವರು ಈ ಪ್ರಸಂಗದಲ್ಲಿ ಹರಿದ ಬೂಟನ್ನು ಮಾತ್ರ ನೋಡುತ್ತಾರೆ. ನನ್ನ ಕಣ್ಣಿರುವುದು ಆ ಹಿರಿಯರ ಮೇಲೆ. ನೂರಾರು ಹುಡುಗರ ಮಧ್ಯೆ, ವೇಷ ನೋಡಿ ಮೂಗು ಮುರಿದ ಮೇಲೂ, ಕಾಲಿನ ಕೆಲಸ ನೋಡಿ ಮನಸ್ಸು ಬದಲಿಸಿಕೊಳ್ಳಬಲ್ಲ ಕಣ್ಣು ಡಕಾರಿನಲ್ಲಿತ್ತು. ಅದರ ಹಿಂದೆ ಒಂದು ಸಂಸ್ಥೆಯಿತ್ತು. ಗಾಯದಿಂದ ಆಟ ಬಿಡಬೇಕಾಗಿ ಬಂದ ಮಾದಿ ಟೂರೆ ಎಂಬ ಸೆನೆಗಲ್ ಆಟಗಾರ 2000ರಲ್ಲಿ ಕಟ್ಟಿದ ‘ಜೆನರೇಸಿಯೊಂ ಫುಟ್’ ಅಕಾಡೆಮಿ. ಪಾಪಿಸ್ ಸಿಸೆ, ಡಯಾಫ್ರಾ ಸಾಖೊ, ಮಾನೆ, ಇಸ್ಮೈಲಾ ಸಾರ್, ಪಾಪೆ ಮಟಾರ್ ಸಾರ್, ಲಮೀನ್ ಕಮಾರಾ: ಇವರೆಲ್ಲ ಅದೇ ಮೈದಾನದಿಂದ ಎದ್ದವರು. ಇಷ್ಟು ಹೆಸರು ಒಂದೇ ಕಡೆಯಿಂದ ಬಂದ ಮೇಲೂ ಅದೃಷ್ಟವಶಾತ್ ಸಿಕ್ಕ ಪ್ರತಿಭೆ ಎಂದು ಬರೆಯುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೋ. ಅದು ಪಾಠಶಾಲೆ. ಅಲ್ಲಿ ಮೇಷ್ಟ್ರುಗಳಿದ್ದರು.

ಇನ್ನು ಯುರೋಪು. ಮಾನೆ 2011ರ ಆರಂಭದಲ್ಲಿ ಹೋದದ್ದು ಫ್ರಾನ್ಸಿನ ಮೆಟ್ಸ್ ಕ್ಲಬ್ಬಿಗೆ. ಜೆನರೇಸಿಯೊಂ ಫುಟ್ ಜೊತೆ ಮೊದಲೇ ಒಪ್ಪಂದ ಮಾಡಿಕೊಂಡು ಹುಡುಗರನ್ನು ಆರಿಸಿಕೊಳ್ಳುತ್ತಿದ್ದ ಕ್ಲಬ್ ಅದು. ಆಡುತ್ತಿದ್ದದ್ದು ಎರಡನೇ ದರ್ಜೆಯಲ್ಲಿ. 2012ರಲ್ಲಿ ಅಲ್ಲಿಂದಲೂ ಜಾರಿ ಮೂರನೇ ದರ್ಜೆಗೆ ಬಿತ್ತು. ಬಂಬಾಲಿಯ ಹುಡುಗನನ್ನು ಉದ್ಧರಿಸಿತು ಎನ್ನಲಾಗುವ ಯುರೋಪಿನ ಅಂದಿನ ಸ್ಥಿತಿ ಇದು. ಅದೇ ಬೇಸಿಗೆಯಲ್ಲಿ ಮೆಟ್ಸ್ ಅವನನ್ನು ಸುಮಾರು 40 ಲಕ್ಷ ಯೂರೊಗೆ ಆಸ್ಟ್ರಿಯಾದ ಸಾಲ್ಜ್‌ಬರ್ಗಿಗೆ ಮಾರಿತು. ಸಾಲ್ಜ್‌ಬರ್ಗ್ 2014ರಲ್ಲಿ ಸುಮಾರು 1.18 ಕೋಟಿ ಪೌಂಡಿಗೆ ಸೌತಾಂಪ್ಟನ್‌ಗೆ. ಸೌತಾಂಪ್ಟನ್ 2016ರಲ್ಲಿ ಸುಮಾರು 3.4 ಕೋಟಿ ಪೌಂಡಿಗೆ ಲಿವರ್‌ಪೂಲಿಗೆ. ಲಿವರ್‌ಪೂಲ್ ಆರು ವರ್ಷ ಆಡಿಸಿ, 2019ರ ಚಾಂಪಿಯನ್ಸ್ ಲೀಗ್ ಗೆದ್ದು, 2020ರ ಪ್ರೀಮಿಯರ್ ಲೀಗ್ ಗೆದ್ದು, ಮೂವತ್ತು ದಾಟಿದವನನ್ನು ಬಯರ್ನ್ ಮ್ಯೂನಿಕ್‌ಗೆ ಕೊಟ್ಟಾಗಲೂ ಹಾಕಿದ ದುಡ್ಡಿನ ಬಹುಪಾಲು ವಾಪಸು ಪಡೆಯಿತು. ಈ ಸರಪಳಿಯಲ್ಲಿ ನಷ್ಟ ಮಾಡಿಕೊಂಡು ದಾನ ಮಾಡಿದವರು ಯಾರು ಎಂದು ಯಾರಾದರೂ ತೋರಿಸಿಕೊಟ್ಟರೆ ನಾನೂ ಆ ಚಿತ್ರಕ್ಕೆ ಕೈಮುಗಿಯುತ್ತೇನೆ.

ಇಲ್ಲೊಂದು ಸಮರ್ಥನೆ ತಯಾರಿರುತ್ತದೆ: ಹುಡುಗನನ್ನು ಬೆಳೆಸಿದ ಕ್ಲಬ್ಬಿಗೂ ಪಾಲು ಹೋಗುತ್ತದಲ್ಲ, ಫಿಫಾ ನಿಯಮವೇ ಇದೆಯಲ್ಲ. ಇದೆ. ಅದರ ಲೆಕ್ಕವನ್ನೊಮ್ಮೆ ಕೂತು ಹಾಕಬೇಕು. ಆಟಗಾರ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದಾಗಲೆಲ್ಲ ವರ್ಗಾವಣೆ ಮೊತ್ತದಲ್ಲಿ ನೂರಕ್ಕೆ ಐದರಷ್ಟನ್ನು ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ತರಬೇತುಗೊಳಿಸಿದ ಕ್ಲಬ್ಬುಗಳಿಗೆ ಹಂಚಬೇಕು. 12ರಿಂದ 15ರವರೆಗಿನ ಒಂದೊಂದು ವರ್ಷಕ್ಕೆ ಕಾಲು ಪರ್ಸೆಂಟ್. 16ರಿಂದ 23ರವರೆಗಿನ ಒಂದೊಂದು ವರ್ಷಕ್ಕೆ ಅರ್ಧ ಪರ್ಸೆಂಟ್. ಮಗುವಿಗೆ ಚೆಂಡು ನಿಲ್ಲಿಸುವುದು, ತಲೆಯೆತ್ತಿ ನೋಡುವುದು, ಎಡಗಾಲು ಬಳಸುವುದು ಕಲಿಸುವ ವಯಸ್ಸು ಯಾವುದು? ಅದಕ್ಕೆ ಬೆಲೆ ಕಾಲು ಪರ್ಸೆಂಟ್. ಇನ್ನೊಂದು ನಿಯಮದ ಪ್ರಕಾರ 18 ತುಂಬುವ ಮೊದಲು ಆಟಗಾರ, ಕೆಲವು ವಿನಾಯಿತಿಗಳ ಹೊರತು, ದೇಶ ಬಿಟ್ಟು ಬೇರೆ ಕ್ಲಬ್ಬಿಗೆ ಹೋಗುವಂತಿಲ್ಲ. ಮಕ್ಕಳ ಸಾಗಾಟ ತಡೆಯುವ ನಿಯಮ, ಒಳ್ಳೆಯದೇ. ಈಗ ಎರಡನ್ನೂ ಸೇರಿಸಿ ನೋಡಿ. 12ರಿಂದ 18ರವರೆಗಿನ ಏಳು ವರ್ಷಗಳಿಗೆ ಒಟ್ಟು ಎರಡೂವರೆ ಪರ್ಸೆಂಟ್. 19ರಿಂದ 23ರವರೆಗಿನ ಐದು ವರ್ಷಗಳಿಗೂ ಎರಡೂವರೆ ಪರ್ಸೆಂಟ್. 19ಕ್ಕೆ ಹುಡುಗ ಆಗಲೇ ಯುರೋಪಿನಲ್ಲಿರುತ್ತಾನೆ. ಅಂದರೆ ಬೆಳೆಸಿದವರಿಗೆ ಎಂದು ಮೀಸಲಿಟ್ಟ ಚೂರಿನಲ್ಲೂ ಅರ್ಧವನ್ನು ಕೊಂಡವರೇ ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಾರೆ. ಸೌತಾಂಪ್ಟನ್ ಕೊಟ್ಟ 1.18 ಕೋಟಿ ಪೌಂಡಿನ ಮೇಲೆ 13ನೇ ವಯಸ್ಸಿನ ಒಂದು ವರ್ಷದ ಬೆಲೆ 29,500 ಪೌಂಡ್. ಅದೂ ಆ ವಯಸ್ಸಿನಲ್ಲಿ ಹುಡುಗ ನೋಂದಾಯಿತ ಕ್ಲಬ್ಬೊಂದರಲ್ಲಿ ಇದ್ದರೆ. ಹಳ್ಳಿಯ ಬಯಲಿನಲ್ಲಿ, ದಾಖಲೆಯೇ ಇಲ್ಲದ ಊರ ತಂಡದಲ್ಲಿ ಆಡಿದ್ದರೆ ಸೊನ್ನೆ.

ಈ ನಿಯಮಕ್ಕೆ ಇಟ್ಟಿರುವ ಹೆಸರು ಐಕಮತ್ಯದ ಕೊಡುಗೆ. ಹೆಸರಿಡುವುದರಲ್ಲಿ ಇವರನ್ನು ಮೀರಿಸುವವರಿಲ್ಲ.

ಐವರಿ ಕೋಸ್ಟಿನ ಆಬಿಜಾನ್ ನಗರದ ಉದಾಹರಣೆ ಇನ್ನೂ ಸ್ಪಷ್ಟ. ಅಲ್ಲಿನ ಆಸೆಕ್ ಮಿಮೋಸಾ ಕ್ಲಬ್ 1990ರ ದಶಕದ ಮೊದಲ ಭಾಗದಲ್ಲಿ ಒಂದು ಅಕಾಡೆಮಿ ತೆರೆಯಿತು. ಹುಡುಗರು ಮೊದಮೊದಲು ಬರಿಗಾಲಲ್ಲೇ ಆಡಬೇಕು. ಬೂಟಿಗೆ ದುಡ್ಡಿಲ್ಲವೆಂದಲ್ಲ, ಚರ್ಮಕ್ಕೆ ಚೆಂಡಿನ ಸ್ಪರ್ಶ ನೇರವಾಗಿ ಗೊತ್ತಾಗಲಿ ಎಂದು. ಪಾದ, ತೊಡೆ, ತಲೆಗಳಲ್ಲಿ ಚೆಂಡನ್ನು ನೆಲಕ್ಕೆ ಬೀಳಿಸದೆ ಕುಣಿಸುತ್ತ ಒಂದೊಂದೇ ಪರೀಕ್ಷೆ ದಾಟಿದ ಮೇಲೆ ಬೂಟು. ಈ ಮಾತನ್ನು ಗಮನವಿಟ್ಟು ಓದಬೇಕು, ಏಕೆಂದರೆ ಬರಿಗಾಲಿನ ಆಫ್ರಿಕನ್ ಹುಡುಗನ ಚಿತ್ರ ಕಂಡರೆ ನಮಗೆ ತಕ್ಷಣ ಕರುಣೆ ಉಕ್ಕುತ್ತದೆ. ಅಲ್ಲಿ ಆ ಬರಿಗಾಲು ಪಠ್ಯಕ್ರಮದ ಭಾಗವಾಗಿತ್ತು. 1999ರ ಆಫ್ರಿಕನ್ ಸೂಪರ್ ಕಪ್ಪಿನಲ್ಲಿ ಆಸೆಕ್ ಈ ಹದಿಹರೆಯದವರನ್ನೇ ಕಣಕ್ಕಿಳಿಸಿ, ಟ್ಯುನೀಷಿಯಾದ ಬಲಾಢ್ಯ ಎಸ್ಪೆರಾನ್ಸ್ ತಂಡವನ್ನು 3-1ರಿಂದ ಮಣಿಸಿತು. ಕೊಲೊ ಟೂರೆ, ಯಾಯಾ ಟೂರೆ, ದಿದಿಯೆ ಜೊಕೊರಾ, ಅರೂನಾ ದಿಂದಾನೆ, ಎಮ್ಯಾನ್ಯುಯೆಲ್ ಎಬುವೆ, ಸಾಲೊಮನ್ ಕಾಲು, ಜೆರ್ವಿನೊ ಎಲ್ಲ ಬಂದದ್ದು ಅಲ್ಲಿಂದ. ಕೊಲೊ ಟೂರೆಯನ್ನು ಆರ್ಸೆನಲ್ 2002ರಲ್ಲಿ ಕೊಂಡದ್ದು ಸುಮಾರು ಒಂದೂವರೆ ಲಕ್ಷ ಪೌಂಡಿಗೆ. ಮರುವರ್ಷದ ಋತುವಿನಲ್ಲಿ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದ ತಂಡದ ರಕ್ಷಣಾಸಾಲಿನ ನಡುವೆ ನಿಂತವನು ಆತ. 2009ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಮಾರಿದಾಗ ಬಂದ ಬೆಲೆ ಕೊಂಡದ್ದರ ಸುಮಾರು ನೂರು ಪಟ್ಟು. ಜಗತ್ತಿನಲ್ಲೇ ಅತಿ ಹೆಚ್ಚು ಕೋಕೊ ಬೆಳೆಯುವ ದೇಶ ಐವರಿ ಕೋಸ್ಟ್. ಚಾಕೊಲೇಟಿನ ಲಾಭ ಎಲ್ಲಿ ಸೇರುತ್ತದೆಂಬುದು ಅಲ್ಲಿನವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಆ ಅಕಾಡೆಮಿ ಕಟ್ಟಿದವನು ಜ್ಯಾಂ ಮಾರ್ಕ್ ಗಿಯು ಎಂಬ ಫ್ರೆಂಚ್ ಆಟಗಾರನಲ್ಲವೇ ಎಂದು ಕೇಳಬಹುದು. ಹೌದು, ಆತನೇ. ಒಳ್ಳೆಯ ಮೇಷ್ಟ್ರು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಮುಂದಿನ ಹೆಜ್ಜೆ ನೋಡಿ. ಬೆಲ್ಜಿಯಂನ ಬೆವೆರೆನ್ ಎಂಬ ಸಣ್ಣ ಕ್ಲಬ್ಬಿನ ಚುಕ್ಕಾಣಿ ಹಿಡಿದು, ಆಬಿಜಾನಿನ ಹುಡುಗರನ್ನು ಗುಂಪುಗುಂಪಾಗಿ ಅಲ್ಲಿಗೆ ಒಯ್ದ. ಕೆಲವು ಪಂದ್ಯಗಳಲ್ಲಿ ಮೈದಾನಕ್ಕಿಳಿದ ಹನ್ನೊಂದು ಮಂದಿಯಲ್ಲಿ ಬಹುಪಾಲು ಐವರಿ ಕೋಸ್ಟಿನವರೇ. ಬೆಲ್ಜಿಯಂ ಯಾಕೆ? ಇಂಗ್ಲೆಂಡಿನಲ್ಲಿ ಆಗ ಕೆಲಸದ ಪರವಾನಗಿ ಕಠಿಣವಿತ್ತು. ದೇಶದ ತಂಡಕ್ಕೆ ಸಾಕಷ್ಟು ಪಂದ್ಯ ಆಡಿರದವನಿಗೆ ಸಿಗುವುದು ಕಷ್ಟವಿತ್ತು. ಬೆಲ್ಜಿಯಂನಲ್ಲಿ ನಿಯಮ ಸಡಿಲವಿತ್ತು. ಹಾಗಾಗಿ ಅದು ತಂಗುದಾಣವಾಯಿತು. ಅಲ್ಲಿಂದ ಯಾಯಾ ಟೂರೆ ಉಕ್ರೇನಿನ ದೊನೆಟ್ಸ್ಕ್, ಗ್ರೀಸಿನ ಒಲಿಂಪಿಯಾಕೋಸ್, ಮೊನಾಕೊ ಸುತ್ತಿ ಬಾರ್ಸಿಲೋನಾ ತಲುಪಿದ್ದು 2007ರಲ್ಲಿ. ಇದನ್ನು ಕನಸಿನ ಪಯಣ ಎನ್ನುವವರು ಭೂಪಟ ತೆರೆದಿಟ್ಟುಕೊಂಡು ಆ ದಾರಿಯ ಮೇಲೆ ಒಮ್ಮೆ ಬೆರಳಾಡಿಸಲಿ. 2003ರಲ್ಲಿ ಫಿಫಾ ಅಧ್ಯಕ್ಷ ಸೆಪ್ ಬ್ಲಾಟರ್ ಕೂಡ ಯುರೋಪಿನ ಶ್ರೀಮಂತ ಕ್ಲಬ್ಬುಗಳನ್ನು ನವ ವಸಾಹತುಶಾಹಿಗಳೆಂದು ಬೈದು ಪತ್ರಿಕೆಯಲ್ಲಿ ಬರೆದಿದ್ದರು. 

ಯುರೋಪಿನಲ್ಲಿ ಆಟ ಸುಧಾರಿಸುವುದಿಲ್ಲ ಎಂದು ನಾನು ವಾದಿಸುತ್ತಿಲ್ಲ. ವಾರಕ್ಕೆರಡು ಸಲ ಜಗತ್ತಿನ ಅತ್ಯುತ್ತಮರ ಎದುರು ಆಡಿದರೆ ಯಾರ ಆಟವಾದರೂ ಸುಧಾರಿಸುತ್ತದೆ. ನನ್ನ ಜಗಳವಿರುವುದು ಆ ಸುಧಾರಣೆಯನ್ನು ಸೃಷ್ಟಿ ಎಂದು ಮಾರುವ ಬಗ್ಗೆ. ಬ್ರೆಜಿಲ್ಲಿನ ಆಟಗಾರ ಬಾರ್ಸಿಲೋನಾಕ್ಕೆ ಹೋದಾಗ ಬಾರ್ಸಿಲೋನಾ ಅವನನ್ನು ಸೃಷ್ಟಿಸಿತು ಎಂದು ಯಾರೂ ಬರೆಯುವುದಿಲ್ಲ. ಬ್ರೆಜಿಲ್ಲಿನ ಫುಟ್‌ಬಾಲ್ ಪರಂಪರೆ ಎಂದು ಪುಟಗಟ್ಟಲೆ ಬರೆಯುತ್ತಾರೆ. ಆಫ್ರಿಕಾದವನಿಗೆ ಪರಂಪರೆಯಿಲ್ಲ, ಬಡತನ ಮಾತ್ರ ಇದೆ.

ಪರಂಪರೆಯನ್ನು ಕೊಡದವರು ಬುದ್ಧಿಯನ್ನೂ ಕೊಡುವುದಿಲ್ಲ. ಮೊಜಾಂಬಿಕ್ಕಿನ ಯುಸೆಬಿಯೊನ ಕಾಲದಿಂದ ಚಿರತೆ, ದೈತ್ಯ, ಮಿಂಚು ಇವೇ ವಿಶೇಷಣಗಳು. ಡೆನ್ಮಾರ್ಕಿನ ರನ್‌ರಿಪೀಟ್ ಎಂಬ ಸಂಸ್ಥೆ ಇಂಗ್ಲೆಂಡಿನ ವೃತ್ತಿಪರ ಆಟಗಾರರ ಸಂಘದ ಜೊತೆ ಸೇರಿ 2020ರಲ್ಲಿ ಯುರೋಪಿನ ನಾಲ್ಕು ದೊಡ್ಡ ಲೀಗುಗಳ 80 ಪಂದ್ಯಗಳ ವೀಕ್ಷಕ ವಿವರಣೆಯನ್ನು ಕೂತು ಕೇಳಿ ಲೆಕ್ಕ ಹಾಕಿತು. ಮೈಬಲದ ಮಾತು ಬಂದಾಗ ಅದು ಕಪ್ಪು ಮೈಬಣ್ಣದ ಆಟಗಾರನ ಬಗ್ಗೆ ಆಗಿರುವ ಸಾಧ್ಯತೆ ಆರೂವರೆ ಪಟ್ಟು ಹೆಚ್ಚು. ಜಾಣತನದ ಹೊಗಳಿಕೆಯ ದೊಡ್ಡ ಪಾಲು ಬಿಳಿಯರಿಗೆ. ಯಾಯಾ ಟೂರೆ ಮೈದಾನದ ಮಧ್ಯದಲ್ಲಿ ನಿಂತು ಆಟದ ವೇಗವನ್ನು ಏರಿಸಿ ಇಳಿಸುತ್ತಿದ್ದವನು, ಯಾರು ಎಲ್ಲಿಗೆ ಓಡುತ್ತಾರೆಂದು ಮೊದಲೇ ಊಹಿಸಿ ಚೆಂಡು ಕಳಿಸುತ್ತಿದ್ದವನು. ಅವನ ಬಗ್ಗೆ ಹೆಚ್ಚಾಗಿ ಕೇಳಿಬರುತ್ತಿದ್ದದ್ದು ಎತ್ತರ ಮತ್ತು ಭುಜದ ಅಗಲ. ನಮ್ಮ ಅನುವಾದಿತ ವರದಿಗಳು ಇದನ್ನೆಲ್ಲ ಹಾಗೆಹಾಗೇ ಇಳಿಸಿಕೊಳ್ಳುತ್ತವೆ.

ಗೌರವ ಹಂಚುವುದರಲ್ಲೂ ಅದೇ ತಕ್ಕಡಿ. ಬ್ಯಾಲನ್ ಡಿಓರ್ ಪ್ರಶಸ್ತಿ 1995ರವರೆಗೆ ಯುರೋಪಿನ ಪೌರತ್ವ ಇದ್ದವರಿಗೆ ಮಾತ್ರ. 1993ರ ಚಾಂಪಿಯನ್ಸ್ ಲೀಗ್ ಫೈನಲ್ಲಿನಲ್ಲಿ ಮಿಲಾನ್ ವಿರುದ್ಧ ಮಾರ್ಸೇಯ ಏಕೈಕ ಗೋಲಿಗೆ ಕಾರ್ನರ್ ಒದೆದವನು ಘಾನಾದ ಅಬೆದಿ ಪೆಲೆ. ಆ ಪ್ರಶಸ್ತಿಗೆ ಅವನ ಹೆಸರು ಪರಿಗಣಿಸುವಂತೆಯೇ ಇರಲಿಲ್ಲ. ನಿಯಮ ಬದಲಾದ ಮೊದಲ ವರ್ಷವೇ ಲೈಬೀರಿಯಾದ ಜಾರ್ಜ್ ವೇಯಾ ಅದನ್ನು ಗೆದ್ದ. ಹಾಗಿದ್ದರೆ 1965ರಲ್ಲಿ ಯುಸೆಬಿಯೊಗೆ ಸಿಕ್ಕಿತಲ್ಲ? ಮೊಜಾಂಬಿಕ್ ಆಗ ಪೋರ್ಚುಗಲ್ಲಿನ ವಸಾಹತು. ಕಾಗದದ ಮೇಲೆ ಆತ ಯುರೋಪಿನವನು. 1966ರ ವಿಶ್ವಕಪ್ಪಿನಲ್ಲಿ ಒಂಬತ್ತು ಗೋಲು ಹೊಡೆದು ಪೋರ್ಚುಗಲ್ಲನ್ನು ಮೂರನೇ ಸ್ಥಾನಕ್ಕೆ ಎಳೆದೊಯ್ದವನನ್ನು ಪೋರ್ಚುಗಲ್ ಬೆಳೆಸಿತು ಎಂದೇ ಇಂದಿಗೂ ಓದುತ್ತೇವೆ. ಆತ ಲಿಸ್ಬನ್ನಿನಲ್ಲಿ ಇಳಿದದ್ದು 1960ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಬೆನ್ಫಿಕಾ ಮತ್ತು ಸ್ಪೋರ್ಟಿಂಗ್ ಅವನಿಗಾಗಿ ಕಿತ್ತಾಡುವಷ್ಟು ಹೆಸರನ್ನು ಮೊಜಾಂಬಿಕ್ಕಿನಲ್ಲೇ ಮಾಡಿಯಾಗಿತ್ತು.

ಯುರೋಪಿಗೆ ಹೋಗದಿದ್ದರೆ ಆಟಗಾರ ವ್ಯರ್ಥ ಎಂಬುದು ಇದೇ ನಂಬಿಕೆಯ ಇನ್ನೊಂದು ಮುಖ. ಅದಕ್ಕೆ ಉತ್ತರ 2008ರ ಫೆಬ್ರುವರಿಯಲ್ಲೇ ಸಿಕ್ಕಿದೆ. ಘಾನಾದ ಕುಮಾಸಿಯಲ್ಲಿ ಆಫ್ರಿಕಾ ಕಪ್ ಸೆಮಿಫೈನಲ್. ಒಂದು ಕಡೆ ದ್ರೋಗ್ಬಾ, ಟೂರೆ ಸಹೋದರರಿದ್ದ ಐವರಿ ಕೋಸ್ಟ್. ಯುರೋಪಿನ ದೊಡ್ಡ ಕ್ಲಬ್ಬುಗಳ ಹೆಸರು ಓದಿದರೆ ಸಾಕು, ಎದುರಾಳಿ ನಡುಗಬೇಕು. ಇನ್ನೊಂದು ಕಡೆ ಬಹುಪಾಲು ಕೈರೋದ ಅಲ್ ಅಹ್ಲಿ, ಜಮಾಲೆಕ್ ಮುಂತಾದ ದೇಶದೊಳಗಿನ ಕ್ಲಬ್ಬುಗಳವರನ್ನೇ ಇಟ್ಟುಕೊಂಡ ಈಜಿಪ್ಟ್. ಫಲಿತಾಂಶ: ಈಜಿಪ್ಟಿಗೆ 4-1. ಫೈನಲ್ಲಿನಲ್ಲಿ ಕ್ಯಾಮರೂನಿನ ಮೇಲೆ ಗೆಲುವಿನ ಗೋಲು ಹೊಡೆದ ಮೊಹಮ್ಮದ್ ಅಬೂತ್ರೀಕಾ ಯುರೋಪಿನ ಒಂದೂ ಕ್ಲಬ್ಬಿಗೆ ಆಡಿದವನಲ್ಲ. ಅಹ್ಲಿಯ ಜೊತೆ ಐದು ಸಲ ಆಫ್ರಿಕಾದ ಚಾಂಪಿಯನ್ಸ್ ಲೀಗ್ ಗೆದ್ದ. ಈಜಿಪ್ಟ್ 2006, 2008, 2010 ಮೂರೂ ಸಲ ಸತತವಾಗಿ ಕಪ್ ಎತ್ತಿತು. ಕುಮಾಸಿಯ ಆ ಪಂದ್ಯದ ನಾಲ್ಕು ವರ್ಷದ ಮೇಲೆ, 2012ರಲ್ಲಿ, ಅದೇ ಐವರಿ ಕೋಸ್ಟಿನ ತಾರೆಗಳನ್ನು ಫೈನಲ್ಲಿನಲ್ಲಿ ಪೆನಾಲ್ಟಿಯಲ್ಲಿ ಮಣಿಸಿದ್ದು ಜಾಂಬಿಯಾ. ಅದರಲ್ಲೂ ಹೆಚ್ಚಿನವರು ಆಡುತ್ತಿದ್ದದ್ದು ಆಫ್ರಿಕಾದ ಕ್ಲಬ್ಬುಗಳಲ್ಲೇ. ಅಬೂತ್ರೀಕಾನ ಬಗ್ಗೆ ನಮ್ಮಲ್ಲಿ ಎಷ್ಟು ಬರೆದಿದ್ದಾರೆ? ಯುರೋಪು ಕೊಳ್ಳದವನು ನಮ್ಮ ಕಣ್ಣಿಗೂ ಬೀಳುವುದಿಲ್ಲ.

ಆ ಆಫ್ರಿಕಾ ಕಪ್ಪೇ ಕ್ಲಬ್ಬುಗಳಿಗೆ ಕಣ್ಣುರಿ. ಋತುವಿನ ನಡುವೆ ಆಟಗಾರರನ್ನು ಕಳಿಸಿಕೊಡಬೇಕಲ್ಲ. 2022ರ ಆಗಸ್ಟಿನಲ್ಲಿ ಇಟಲಿಯ ನೇಪೊಲಿ ಕ್ಲಬ್ಬಿನ ಮಾಲೀಕ ಔರೇಲಿಯೊ ದೆ ಲಾರೆಂಟಿಸ್, ಆಫ್ರಿಕಾ ಕಪ್ ಆಡುವುದಿಲ್ಲವೆಂದು ಬರೆದುಕೊಡದ ಆಫ್ರಿಕನ್ನರನ್ನು ಇನ್ನು ಮುಂದೆ ಕೊಳ್ಳುವುದಿಲ್ಲ ಎಂದುಬಿಟ್ಟರು. ಆಮೇಲಿನದ್ದನ್ನು ವಿಧಿಯ ವ್ಯಂಗ್ಯ ಎನ್ನಲೋ, ಬರೀ ಲೆಕ್ಕ ಎನ್ನಲೋ. ಮರುವರ್ಷ ನೇಪೊಲಿ 33 ವರ್ಷಗಳ ನಂತರ ಇಟಲಿಯ ಲೀಗ್ ಗೆದ್ದಿತು, ಗೆಲ್ಲಿಸಿದವರಲ್ಲಿ ಮುಂಚೂಣಿಯಲ್ಲಿದ್ದವನು 26 ಗೋಲು ಹೊಡೆದ ನೈಜೀರಿಯಾದ ಒಸಿಮೆನ್. ಲೇಗೋಸಿನ ರಸ್ತೆಗಳಲ್ಲಿ ನೀರಿನ ಪೊಟ್ಟಣ ಮಾರಿದ ಹುಡುಗ. 2015ರ 17ರೊಳಗಿನವರ ವಿಶ್ವಕಪ್ಪಿನಲ್ಲಿ ಹತ್ತು ಗೋಲು ಹೊಡೆದು ಜಗತ್ತಿಗೆ ಪರಿಚಿತನಾದ ಮೇಲೂ, ಮಲೇರಿಯಾದಿಂದ ಸೊರಗಿದ್ದಾಗ ಪರೀಕ್ಷಿಸಿದ ಬೆಲ್ಜಿಯಂನ ಎರಡು ಕ್ಲಬ್ಬುಗಳು ಬೇಡವೆಂದು ಕಳಿಸಿದ್ದವು. ಪ್ರತಿಭೆಯನ್ನು ಹುಡುಕುವ ಯುರೋಪಿನ ಹದ್ದಿನ ಕಣ್ಣಿನ ಬಗ್ಗೆ ನಾವು ಓದುವುದು ಬಹಳ. 2023ರ ಸೆಪ್ಟೆಂಬರಿನಲ್ಲಿ ಪೆನಾಲ್ಟಿಯಲ್ಲಿ ಗುರಿ ತಪ್ಪಿದ ಇದೇ ಒಸಿಮೆನ್‌ನನ್ನು ಅಣಕಿಸಿ ನೇಪೊಲಿ ಕ್ಲಬ್ಬಿನ ಟಿಕ್‌ಟಾಕ್ ಖಾತೆಯಲ್ಲೇ ವಿಡಿಯೊ ಬಂತು.

2022ರ ಆಫ್ರಿಕಾ ಕಪ್ಪಿಗೆ ಮುಂಚೆ ಇಂಗ್ಲೆಂಡಿನ ವಾಟ್‌ಫರ್ಡ್ ಗಾಯದ ಕಾರಣ ಹೇಳಿ ಇಸ್ಮೈಲಾ ಸಾರ್‌ನನ್ನು ಬಿಡಲು ತಕರಾರು ತೆಗೆಯಿತು. ಸೆನೆಗಲ್ಲಿನ ಫುಟ್‌ಬಾಲ್ ಸಂಸ್ಥೆ ಬಹಿರಂಗವಾಗಿಯೇ ಅದನ್ನು ತರಾಟೆಗೆ ತೆಗೆದುಕೊಂಡಿತು. ಕೊನೆಗೆ ಆತ ಹೋದ, ಆಡಿದ. ಕ್ಯಾಮರೂನಿನ ಯಾವುಂಡೆಯ ಒಲೆಂಬೆ ಕ್ರೀಡಾಂಗಣದಲ್ಲಿ ಫೆಬ್ರುವರಿ 6ರ ಫೈನಲ್ಲಿನಲ್ಲಿ ಮಾನೆ ಏಳನೇ ನಿಮಿಷಕ್ಕೇ ಪೆನಾಲ್ಟಿ ಹಾಳುಮಾಡಿಕೊಂಡ. ನೂರಿಪ್ಪತ್ತು ನಿಮಿಷ ಗೋಲಿಲ್ಲ. ಶೂಟೌಟಿನ ಕೊನೆಯ ಒದೆತಕ್ಕೆ ಮತ್ತೆ ಅದೇ ಮಾನೆ ಬಂದು ನಿಂತ, ಹೊಡೆದ, ಸೆನೆಗಲ್ ಮೊದಲ ಬಾರಿ ಕಪ್ ಗೆದ್ದಿತು. ಎದುರಿದ್ದ ಈಜಿಪ್ಟ್ ತಂಡದಲ್ಲಿ ಲಿವರ್‌ಪೂಲಿನ ಜೊತೆಗಾರ ಸಲಾ. ಚಾಂಪಿಯನ್ಸ್ ಲೀಗ್ ಗೆದ್ದವನು ಈ ಕಪ್ಪನ್ನೇ ತನ್ನ ಬದುಕಿನ ದೊಡ್ಡ ದಿನವೆಂದು ಹೇಳಿದಾಗ ಅನೇಕರಿಗೆ ಅದು ವಿನಯದ ಮಾತಿನಂತೆ ಕೇಳಿಸಿತು. ಆತ ಹೇಳಿದ್ದು ತನ್ನ ಅಳತೆಗೋಲು ಯಾವುದೆಂದು.

2023ರಲ್ಲಿ ಮಾನೆ ಬಯರ್ನ್ ಬಿಟ್ಟು ಸೌದಿ ಅರೇಬಿಯಾದ ಅಲ್ ನಸ್ರ್ ಸೇರಿದಾಗ ನಮ್ಮ ಅಭಿಮಾನಿಗಳ ಮುಖ ಬಾಡಿತು. ದುಡ್ಡಿನ ಹಿಂದೆ ಹೋದ ಎಂಬ ಗೊಣಗಾಟ. ಡಕಾರಿನಿಂದ ಮೆಟ್ಸ್‌ಗೆ, ಸಾಲ್ಜ್‌ಬರ್ಗಿನಿಂದ ಸೌತಾಂಪ್ಟನ್‌ಗೆ ಹೋದದ್ದೂ ಹೆಚ್ಚಿನ ಸಂಬಳಕ್ಕೇ. ಯುರೋಪಿನ ಒಳಗೆ ಹೆಚ್ಚು ಸಂಬಳಕ್ಕೆ ಹೋದರೆ ಮಹತ್ವಾಕಾಂಕ್ಷೆ, ಯುರೋಪಿನಿಂದ ಹೊರಗೆ ಹೋದರೆ ದುರಾಸೆ: ಈ ನೀತಿಪಾಠ ಬರೆದವರು ಯಾರೆಂದು ಕೇಳಬೇಕಾಗಿದೆ.

ಆಫ್ರಿಕಾದ ಫುಟ್‌ಬಾಲ್ ಆಡಳಿತಗಾರರಿಗೆ ನಾನು ವಕಾಲತ್ತು ವಹಿಸುವುದಿಲ್ಲ. ಇಸಾ ಹಯಾತು 29 ವರ್ಷ ಖಂಡದ ಸಂಸ್ಥೆಯ ಕುರ್ಚಿ ಬಿಡಲಿಲ್ಲ. 2014ರ ವಿಶ್ವಕಪ್ಪಿಗೆ ಕ್ಯಾಮರೂನಿನ ಆಟಗಾರರು ಬಾಕಿ ಹಣ ಕೊಡದೆ ವಿಮಾನ ಹತ್ತುವುದಿಲ್ಲ ಎಂದು ಕೂತರು. ಘಾನಾದವರ ಸಿಟ್ಟು ತಣಿಸಲು ಸುಮಾರು 30 ಲಕ್ಷ ಡಾಲರ್ ನಗದನ್ನು ವಿಮಾನದಲ್ಲಿ ತುಂಬಿ ಬ್ರೆಜಿಲ್ಲಿಗೆ ಕಳಿಸಬೇಕಾಯಿತು. ದೇಶದೊಳಗಿನ ಲೀಗುಗಳಲ್ಲಿ ಸಂಬಳ ಸರಿಯಾಗಿ ಬರುವುದಿಲ್ಲ. ಹುಡುಗ ಹೊರಗೆ ಹೋಗಬಯಸುವುದು ಸಹಜ, ನಾನಾದರೂ ಹೋಗುತ್ತಿದ್ದೆ. ಆದರೆ ಮನೆಯ ಯಜಮಾನ ಅಯೋಗ್ಯ ಎಂಬುದು ಅಂಗಡಿಯವನು ಕಡಿಮೆ ತೂಗುವುದಕ್ಕೆ ಪರವಾನಗಿಯಲ್ಲ.

ಈ ಉದ್ಧಾರದ ಕತೆಯಿಂದ ಆಗುವ ನಿಜವಾದ ಹಾನಿ ಮಾನೆಯಂಥವರಿಗಲ್ಲ, ಅದನ್ನು ಕೇಳಿ ನಂಬುವ ಹುಡುಗರಿಗೆ. ಏಜೆಂಟ್ ಎಂದು ಹೇಳಿಕೊಂಡು ಯಾರೋ ಬರುತ್ತಾನೆ, ಯುರೋಪಿನ ಕ್ಲಬ್ಬಿನಲ್ಲಿ ಟ್ರಯಲ್ ಇದೆ ಎನ್ನುತ್ತಾನೆ, ವೀಸಾ ಟಿಕೆಟ್ ಖರ್ಚೆಂದು ಮನೆಯವರಿಂದ ದುಡ್ಡು ಕೀಳುತ್ತಾನೆ, ಪ್ಯಾರಿಸಿನ ಯಾವುದೋ ಹೋಟೆಲಿನಲ್ಲಿ ಬಿಟ್ಟು ಮಾಯವಾಗುತ್ತಾನೆ. ಕ್ಯಾಮರೂನಿನ ಮಾಜಿ ಆಟಗಾರ ಜ್ಯಾಂ ಕ್ಲೋದ್ ಎಂಬ್ವುಮ್ಯಾಂ ಇಂಥ ಹುಡುಗರಿಗೆ ನೆರವಾಗಲೆಂದೇ ಪ್ಯಾರಿಸಿನಲ್ಲಿ ಫುಟ್ ಸಾಲಿಡೇರ್ ಎಂಬ ಸಂಘಟನೆ ಕಟ್ಟಬೇಕಾಯಿತು. 2015ರಲ್ಲಿ ಲಾವೋಸ್‌ನ ಕ್ಲಬ್ಬೊಂದು ಪಶ್ಚಿಮ ಆಫ್ರಿಕಾದ ಅಪ್ರಾಪ್ತ ಹುಡುಗರನ್ನು ಅಕಾಡೆಮಿಯ ಹೆಸರಿನಲ್ಲಿ ಕರೆಸಿಕೊಂಡು ದುಸ್ಥಿತಿಯಲ್ಲಿಟ್ಟದ್ದನ್ನು ಬಿಬಿಸಿ ಬಯಲು ಮಾಡಿತು. ಪೋಸ್ಟರಿನಲ್ಲಿ ಒಬ್ಬನ ಮುಖ ಎಷ್ಟು ದೊಡ್ಡದಾಗುತ್ತದೋ, ಈ ದಂಧೆಗೆ ಅಷ್ಟು ಗಿರಾಕಿ.

ಇದು ನಮಗೆ ದೂರದ ವಿಷಯವೂ ಅಲ್ಲ. ಮಂಗಳೂರಿನಲ್ಲಿ ರೈಲು ಹತ್ತಿದರೆ ಕೆಲವೇ ಗಂಟೆಗಳ ದಾರಿ ಕೇರಳದ ಮಲಪ್ಪುರಂ ಜಿಲ್ಲೆ. ಅಲ್ಲಿನ ಸೆವೆನ್ಸ್, ಅಂದರೆ ಏಳೇಳು ಮಂದಿಯ, ಪಂದ್ಯಾವಳಿಗಳಲ್ಲಿ ಘಾನಾ, ಐವರಿ ಕೋಸ್ಟ್, ನೈಜೀರಿಯಾ, ಲೈಬೀರಿಯಾಗಳಿಂದ ಬಂದ ಹುಡುಗರು ಕೊಯ್ದ ಗದ್ದೆಗಳಲ್ಲಿ, ತಾತ್ಕಾಲಿಕ ಗ್ಯಾಲರಿಗಳ ಮುಂದೆ, ರಾತ್ರಿ ದೀಪದ ಬೆಳಕಿನಲ್ಲಿ ಪಂದ್ಯಕ್ಕಿಷ್ಟು ಎಂದು ಆಡುತ್ತಾರೆ. ಯಾವ ದೇಶದವನಾದರೂ ಅಲ್ಲಿನವರ ಬಾಯಲ್ಲಿ ‘ಸುಡಾನಿ’. 2018ರಲ್ಲಿ ಬಂದ ‘ಸುಡಾನಿ ಫ್ರಂ ನೈಜೀರಿಯಾ’ ಚಿತ್ರಕ್ಕೆ ಶೀರ್ಷಿಕೆ ಸಿಕ್ಕಿದ್ದು ಅಲ್ಲಿಂದಲೇ. 2024ರ ಮಾರ್ಚಿನಲ್ಲಿ ಅರೀಕ್ಕೋಡಿನ ಬಳಿ ಐವರಿ ಕೋಸ್ಟಿನ ಆಟಗಾರನೊಬ್ಬನನ್ನು ಪ್ರೇಕ್ಷಕರೇ ಅಟ್ಟಿಸಿಕೊಂಡು ಹೋಗಿ ಹೊಡೆದರು. ತನ್ನ ಮೈಬಣ್ಣ ಹೇಳಿ ಬೈದರು, ಕಲ್ಲೆಸೆದರು ಎಂದು ಆತ ದೂರು ಕೊಟ್ಟ. ಒಡೆದ ಫೋನಿನ ಚಿತ್ರ ಹಂಚಿ ಕಣ್ಣೊರೆಸಿಕೊಂಡವರಲ್ಲಿ ಈ ಸುದ್ದಿಯನ್ನು ಹಂಚಿದವರು ನನಗಂತೂ ಸಿಗಲಿಲ್ಲ.

ಇನ್ನು ಬಂಬಾಲಿಯ ಆಸ್ಪತ್ರೆ. 2021ರಲ್ಲಿ ಮಾನೆಯ ಹಣದಿಂದ ಅದು ತೆರೆಯಿತು. ಆಸ್ಪತ್ರೆಯಿಲ್ಲದೆ ಅಪ್ಪನನ್ನು ಕಳೆದುಕೊಂಡ ಊರಿನಲ್ಲಿ ಮಗ ಆಸ್ಪತ್ರೆ ಕಟ್ಟಿಸಿದ್ದನ್ನು ಕಂಡು ಕಣ್ಣು ತುಂಬದಿದ್ದರೆ ಮನುಷ್ಯರಲ್ಲ. ಆದರೆ ಆ ಆಸ್ಪತ್ರೆಯನ್ನು ದಾನಶೂರತೆಯ ಚೌಕಟ್ಟಿನಲ್ಲಿ ತೂಗುಹಾಕಿದ ಕೂಡಲೇ ಮೂವರು ತಪ್ಪಿಸಿಕೊಳ್ಳುತ್ತಾರೆ: ಆಸ್ಪತ್ರೆ ಕಟ್ಟಬೇಕಾಗಿದ್ದ ಸರ್ಕಾರ, ಅವನ ಬೆಲೆಯಲ್ಲಿ ವರ್ಷಕ್ಕೆ ಕಾಲು ಪರ್ಸೆಂಟನ್ನು ಬಾಲ್ಯಕ್ಕೆ ಬಿಟ್ಟ ಫಿಫಾ, ಅವನನ್ನು ಮಾರಿ ಕೋಟಿಗಟ್ಟಲೆ ಎಣಿಸಿದ ಕ್ಲಬ್ಬುಗಳು. ಹಳ್ಳಿಯೊಂದರ ಆರೋಗ್ಯ ಒಬ್ಬ ಆಟಗಾರನ ಮೊಣಕಾಲಿನ ಮೇಲೆ ನಿಂತಿದೆ ಎಂದರೆ ಅದು ಹೊಗಳಬೇಕಾದ ವ್ಯವಸ್ಥೆಯಲ್ಲ.

ಹಾಗಾಗಿ ಕ್ರೀಡಾಪುಟ ಸಿದ್ಧಪಡಿಸುವ ಗೆಳೆಯರಲ್ಲಿ ಒಂದು ಕೋರಿಕೆ. ಮುಂದಿನ ಬೇಸಿಗೆಯಲ್ಲಿ ವರ್ಗಾವಣೆಯ ಸುದ್ದಿಗಳು ಸಾಲುಸಾಲಾಗಿ ಬರುತ್ತವೆ. ಡಕಾರಿನಿಂದಲೋ, ಆಬಿಜಾನಿನಿಂದಲೋ, ಲೇಗೋಸಿನಿಂದಲೋ ಹೊರಟವನೊಬ್ಬನ ಬೆಲೆ ದೊಡ್ಡಕ್ಷರದಲ್ಲಿ ಅಚ್ಚಾಗುತ್ತದೆ. ಅದರ ಕೆಳಗೆ ಎರಡು ಸಾಲು ಸೇರಿಸಿ: ಹದಿನಾರನೇ ವಯಸ್ಸಿನಲ್ಲಿ ಆತ ಯಾವ ಕ್ಲಬ್ಬಿನಲ್ಲಿದ್ದ, ಈ ಮೊತ್ತದಲ್ಲಿ ಆ ಕ್ಲಬ್ಬಿಗೆ ಎಷ್ಟು ಹೋಯಿತು. ಬಡತನದ ಪ್ಯಾರಾಕ್ಕೆ ಜಾಗ ಸಾಲದಿದ್ದರೆ ಅದನ್ನು ಬಿಟ್ಟರೂ ನಡೆದೀತು.